ಕೆಂಪು ದಾರದ ಮೊಣಕಾಲು

ಜನವರಿ ೯

ಅತ್ತೆಯವರಿಗೆ,

ತಲುಪಿದ್ದೇನೆ. 'ಸುಖವಾಗಿ ತಲುಪಿದೆ' ಎಂದು ಬರೆಯುವ ರೂಢಿ ಇದೆಯಲ್ಲ, ಈ ಸಲ ಅದನ್ನು ಬಿಟ್ಟಿದ್ದೇನೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ದಾರಿಯುದ್ದಕ್ಕೂ ನನ್ನ ಮುಖವನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ "ಗಾಡಿಯಿಂದ ಬಿದ್ರೇನಮ್ಮ?" ಎಂದಳು. ಹೂಂ ಎಂದೆ. ಎಡಗಿವಿ ಇನ್ನೂ ಕೇಳುತ್ತಿಲ್ಲ. ಇಲ್ಲಿ ಸಾಲಾಗಿ ಹೊಲಿಗೆ ಯಂತ್ರಗಳು ಓಡುತ್ತವೆ, ನನಗೆ ಬಲಗಡೆಯವುಗಳ ಸದ್ದು ಮಾತ್ರ.

ನಿಮ್ಮ ಗೆಳತಿ ಗಿಡ್ಡಕ್ಕ ಒಳ್ಳೆಯವರೇ, ಬಾಯಿ ಜೋರು ಅಷ್ಟೇ. "ಸ್ಕೂಲಲ್ಲಿ ನನ್ನ ಜಡೆ ಎಳೀತಿದ್ದೋಳು ಈಗ ಸೊಸೇನ ಕಳಿಸಿದಾಳಾ" ಎಂದು ನಕ್ಕು ಒಳಗೆ ಕರೆದರು. ಮುಂದಿನ ಕೋಣೆ ಬೀದಿಗೆ ಕಾಣುತ್ತದೆ, ಅಲ್ಲಿ ಕೂರಲಾರೆ ಎಂದೆ. ಏಕೆ ಎಂದು ಕೇಳದೆ ಹಿಂದಿನ ಕೋಣೆಯಲ್ಲಿ ಜಾಗ ಕೊಟ್ಟರು.

ಕೆಲಸ ಹೀಗಿದೆ. ಹಳೆಯ ಜೀನ್ಸ್ ಪ್ಯಾಂಟುಗಳ ಹೊಲಿಗೆ ಬಿಚ್ಚಬೇಕು. ಕಾಲುಗಳನ್ನು ಚೌಕವಾಗಿ ಕತ್ತರಿಸಿ ಜೋಡಿಸಬೇಕು. ಅದರ ಕೆಳಗೆ ಹಳೆಯ ಕಂಬಳಿಯದೊಂದು ಪದರ, ಅಸ್ತರಿಗೆ ಹಳೆಯ ಬೆಡ್‌ಶೀಟು. ಮೂರನ್ನೂ ಸೇರಿಸಿ ಕೌದಿಯ ಹಾಗೆ ಒತ್ತೊತ್ತಾಗಿ ಗೆರೆ ಹೊಲಿದರೆ ಬ್ಯಾಗಿನ ಬಟ್ಟೆ ಸಿದ್ಧ. ಪರ್ಸು, ಕನ್ನಡಕದ ಚೀಲ, ಏನು ಬೇಕಾದರೂ ಆಗುತ್ತದೆ. ಹೊಲಿಗೆಗಳು ಕೂಡುವ ಕಡೆ ಬಟ್ಟೆ ದಪ್ಪ, ಸೂಜಿ ಮುರಿಯುತ್ತದೆ. ಅದಕ್ಕೆ ಮೊದಲು ಸುತ್ತಿಗೆಯಿಂದ ಕುಟ್ಟಿ ಚಪ್ಪಟೆ ಮಾಡಬೇಕು. ಮೊದಲ ದಿನ ನನಗೆ ಕೊಟ್ಟಿದ್ದು ಆ ಕೆಲಸ. "ನಿಧಾನ ಕಣೇ, ಬಟ್ಟೆ ಸತ್ತೋಗುತ್ತೆ" ಎಂದರು ಗಿಡ್ಡಕ್ಕ. ನಾನು ಯಾರನ್ನು ಕುಟ್ಟುತ್ತಿದ್ದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಒಂದು ಮಾತು ಕೇಳಿಯೇ ಬಿಡುತ್ತೇನೆ. ಮದುವೆಯಾದಾಗಿನಿಂದ ನಿಮ್ಮ ಮಗ ನನಗೆ ಹೊಡೆಯುವಾಗಲೆಲ್ಲ ನೀವು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಿರಿ. ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಡುತ್ತಿದ್ದಿರಿ. ಹಾಗಿದ್ದವರು ಈಗ ಬಸ್ಸು ಹತ್ತಿಸಿದ್ದೇಕೆ? ದಾರಿಯುದ್ದಕ್ಕೂ ಯೋಚಿಸಿದೆ, ಬಗೆಹರಿಯಲಿಲ್ಲ.

ಇಲ್ಲಿ ಸ್ವಂತ ಬಟ್ಟೆ ತಂದವರಿಗೆ ಬ್ಯಾಗಿನ ಕೆಲಸ, ಬರಿಗೈಯಲ್ಲಿ ಬಂದವರಿಗೆ ಉಳಿದ ಚೂರು ಬಟ್ಟೆ ಜೋಡಿಸುವ ಕೆಲಸ. ಅಟ್ಟದ ಮೇಲೆ ಅವರು ಹಾಕದ ಜೀನ್ಸುಗಳ ರಾಶಿ ಇದೆ. ಒಂದೆರಡು ಕಳಿಸಲು ಆದೀತೇ? ಅವರಿಗೆ ಗೊತ್ತಾಗುವುದಿಲ್ಲ.

ನಿಮ್ಮ ಸೊಸೆ


ಜನವರಿ ೨೧

ಸೊಸೆಗೆ,

ಕಾಗದವನ್ನು ಇಸ್ತ್ರಿ ಅಂಗಡಿಯ ವಿಳಾಸಕ್ಕೆ ಕಳಿಸಿದ್ದು ಒಳ್ಳೆಯದಾಯಿತು. ಇನ್ನು ಮುಂದೆಯೂ ಹಾಗೇ ಮಾಡು. ಇಸ್ತ್ರಿಯವಳು ಊರಿಗೆಲ್ಲ ಬಾಯಿಬಡುಕಿ, ನನ್ನ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ನನ್ನ ಫೋನು ಕೆಳಗೆ ಬಿದ್ದು ಒಡೆದುಹೋಯಿತು, ಕಾಗದವೇ ಗತಿ.

ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಡುವುದಿಲ್ಲ. ಕೊಟ್ಟರೆ ನಿನ್ನ ಕಿವಿ ಸರಿಹೋಗುತ್ತದೆಯೇ. ಮೊದಲು ಡಾಕ್ಟರಿಗೆ ತೋರಿಸು. ಗಿಡ್ಡಿಗೆ ಹೇಳು, ಅವಳ ಜಡೆ ಎಳೆದವಳು ನಾನಲ್ಲ, ನನ್ನ ಪಕ್ಕ ಕೂರುತ್ತಿದ್ದವಳು. ಇಷ್ಟು ವರ್ಷದಿಂದ ಅದೇ ಸುಳ್ಳು ಹೇಳಿಕೊಂಡು ತಿರುಗುತ್ತಿದ್ದಾಳೆ.

ಅವನು ತಣ್ಣಗಾಗಿದ್ದಾನೆ. ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಉಣ್ಣುತ್ತಾನೆ, ಮಲಗುತ್ತಾನೆ. "ಅವಳೆಲ್ಲಿ?" ಎಂದು ಕೇಳಿದ. "ನಂಗೇನ್ ಗೊತ್ತು, ನನ್ನ ಕೇಳಿ ಹೋದ್ಲಾ?" ಎಂದೆ. ತಟ್ಟೆ ಎಳೆದುಕೊಂಡು ಉಣ್ಣತೊಡಗಿದ. ನನ್ನ ಬಗ್ಗೆ ಚಿಂತೆ ಬೇಡ. ಹೆತ್ತವಳ ಮೇಲೆ ಯಾರಾದರೂ ಕೈ ಮಾಡುತ್ತಾರೆಯೇ.

ಎರಡು ಜೀನ್ಸ್ ಕಳಿಸಿದ್ದೇನೆ. ಅಟ್ಟ ಹತ್ತಿ ತೆಗೆದೆ. ಈ ವಯಸ್ಸಿನಲ್ಲಿ ನನ್ನನ್ನು ಕೋತಿಯ ಹಾಗೆ ಹತ್ತಿಸಿದೆಯಲ್ಲ, ಮೊದಲನೇ ಬ್ಯಾಗು ಚೆನ್ನಾಗಿ ಬರಲಿ.

ನಿನ್ನ ಅತ್ತೆ


ಫೆಬ್ರವರಿ ೧೦

ಅತ್ತೆಯವರಿಗೆ,

ಜೀನ್ಸ್ ತಲುಪಿದವು. ಬಿಚ್ಚಲು ಕೂತಾಗ ಭಯವಾಯಿತು, ಸುಳ್ಳೇಕೆ ಹೇಳಲಿ. ಜೇಬಿನಲ್ಲಿ ಅವರ ಸಿಗರೇಟಿನ ಪುಡಿ ಇತ್ತು. ಆ ವಾಸನೆ ತಡೆಯಲಾರದೆ ಜೇಬು ಮಗುಚಿ ಕೊಡವಿದೆ. ಎರಡು ಸಲ ಸೋಪಿನಲ್ಲಿ ಕುದಿಸಿದ ಮೇಲೆ ಅದು ಬರೀ ಬಟ್ಟೆಯಾಯಿತು. ಆಮೇಲೆ ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚುತ್ತಾ ಹೋದೆ, ಭಯವೂ ಬಿಚ್ಚಿಕೊಳ್ಳುತ್ತಾ ಹೋಯಿತು.

ನಾನು ಮಾಡಿದ ಬ್ಯಾಗನ್ನು ನೀವು ನೋಡಬೇಕು ಅತ್ತೆ. ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟು ಇಟ್ಟು ಚೌಕಾಕಾರಕ್ಕೆ ಬಣ್ಣ ಮಾಸಿರುತ್ತದಲ್ಲ, ಆ ಗುರುತು ಹಾಗೇ ಕಾಣುವಂತೆ ಮುಂಭಾಗಕ್ಕೆ ಹಾಕಿದೆ. ಕೊಳ್ಳುವವರಿಗೆ ಅಂಥದ್ದೇ ಬೇಕು. ಹೊಸ ಬಟ್ಟೆ ಎಲ್ಲಿ ಬೇಕಾದರೂ ಸಿಗುತ್ತದೆ, ಒಬ್ಬರು ವರ್ಷಗಟ್ಟಲೆ ತೊಟ್ಟು ಸವೆಸಿದ್ದು ಸಿಗುವುದಿಲ್ಲವಂತೆ. ಬ್ಯಾಗು ಮೂರೇ ದಿನದಲ್ಲಿ ಮಾರಿಹೋಯಿತು. ಗಿಡ್ಡಕ್ಕ ಎಲ್ಲರೆದುರು "ನೋಡ್ರೇ, ನಿನ್ನೆ ಮೊನ್ನೆ ಬಂದೋಳು" ಎಂದು ಹೊಗಳಿ ಉಳಿದವರ ಹೊಟ್ಟೆ ಉರಿಸಿದರು.

ಇನ್ನೂ ಕಳಿಸಿ. ಸವೆದಷ್ಟೂ ಒಳ್ಳೆಯದು. ಅಟ್ಟದ ಮೇಲಿನವು ಮುಗಿದಿದ್ದರೆ ಬೀರುವಿನಿಂದ ತೆಗೆಯಿರಿ. ಹೇಗೂ ತಣ್ಣಗಾಗಿದ್ದಾರೆ ಎಂದಿರಲ್ಲ, ಒಂದು ಪ್ಯಾಂಟು ಕಾಣದಿದ್ದರೆ ಇಸ್ತ್ರಿಯವಳು ಕಳೆದಳು ಎನ್ನಿ.

ನಿಮ್ಮ ಸೊಸೆ


ಮಾರ್ಚ್ ೨

ಸೊಸೆಗೆ,

ನಿನ್ನ ಕಾಗದವನ್ನು ಇಸ್ತ್ರಿ ಅಂಗಡಿಯಲ್ಲಿ ನಿಂತೇ ಓದಿದೆ, ಆಮೇಲೆ ಕೂತು ಇನ್ನೊಂದು ಸಲ ಓದಿದೆ. ನಮ್ಮ ಮನೆಯಲ್ಲಿ ಇದ್ದಷ್ಟು ಕಾಲವೂ ನೀನು ಇಷ್ಟು ಮಾತಾಡಿರಲಿಲ್ಲ. ಇಸ್ತ್ರಿಯವಳು "ಏನಮ್ಮ, ಲಾಟರಿ ಹೊಡೀತಾ?" ಎಂದಳು.

ಮೂರು ಕಳಿಸಿದ್ದೇನೆ. ಎರಡು ಬೀರುವಿನವು. ಇನ್ನೊಂದಕ್ಕೆ ಮೊಣಕಾಲಿನಲ್ಲಿ ಕೆಂಪು ದಾರದ ತೇಪೆ ಇದೆ, ನಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಬೇಡವಾದರೆ ನೆಲ ಒರೆಸಿಕೋ.

ಬಚ್ಚಲಲ್ಲಿ ಜಾರಿದೆ. ಮುಂದಿನ ಹಲ್ಲೊಂದು ಹೋಯಿತು. ಇನ್ನು ಮೇಲೆ ನಕ್ಕರೆ ಗಾಳಿ ಬರುತ್ತದೆ, ಬೇಸಿಗೆಗೆ ಅನುಕೂಲ. ಬೇರೇನೂ ವಿಶೇಷವಿಲ್ಲ. ಅವನು ಆರಾಮಾಗಿದ್ದಾನೆ.

ನಿನ್ನ ಅತ್ತೆ


ಮಾರ್ಚ್ ೧೭

ಅತ್ತೆಯವರಿಗೆ,

ಕೆಂಪು ದಾರದ ಪ್ಯಾಂಟನ್ನು ನೋಡಿದ ಕೂಡಲೇ ಗುರುತು ಹಿಡಿದೆ. ನಿಮಗೆ ನೆನಪಿದೆಯೋ ಇಲ್ಲವೋ. ಅವರು ನನ್ನನ್ನು ಒದೆಯಲು ಬಂದಾಗ ನಾನು ಬಾಗಿಲ ಹಿಂದೆ ಸರಿದೆ, ಮೊಣಕಾಲು ಚಿಲಕಕ್ಕೆ ಸಿಕ್ಕಿ ಪ್ಯಾಂಟು ಹರಿಯಿತು. ಪ್ಯಾಂಟು ಹರಿದದ್ದೂ ನನ್ನದೇ ತಪ್ಪು ಎಂದು ಇನ್ನೆರಡು ಬಿದ್ದವು. ಆಮೇಲೆ ಅದನ್ನು ಬಿಚ್ಚಿ ಮುಖಕ್ಕೆಸೆದು "ಈಗಲೇ ಹೊಲಿ" ಎಂದರು. ನೀಲಿ ದಾರ ಮುಗಿದಿತ್ತು. ಒಂದು ಕಣ್ಣು ಊದಿಕೊಂಡು ಮುಚ್ಚಿತ್ತು. ಒಂದೇ ಕಣ್ಣಿನಲ್ಲಿ ಕೆಂಪು ದಾರ ಪೋಣಿಸಿ ಸಿಕ್ಕಸಿಕ್ಕ ಹಾಗೆ ಹೊಲಿದೆ.

ಆ ತೇಪೆಯನ್ನು ಕಿತ್ತೆಸೆಯಲು ಬ್ಲೇಡು ಎತ್ತಿದ್ದೆ. ಗಿಡ್ಡಕ್ಕ ಕೈ ಹಿಡಿದರು. "ಇಂಥ ಸೊಟ್ಟ ಹೊಲಿಗೆ ಬೇಕಂದ್ರೂ ಬರಲ್ಲ ಕಣೇ, ಬಿಡು" ಎಂದರು. ಅವರಿಗೆ ಕಥೆ ಹೇಳಲಿಲ್ಲ. ಮೊಣಕಾಲನ್ನು ಇಡಿಯಾಗಿ ಬ್ಯಾಗಿನ ಎದೆಗೆ ಹಾಕಿ ಸುತ್ತ ಕೌದಿ ಹೊಲಿಗೆ ಕೊಟ್ಟೆ. ಹೆಗಲಿನ ಪಟ್ಟಿಗೆ ಪ್ಯಾಂಟಿನ ಸೊಂಟದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಿದೆ, ಆನೆ ಎಳೆದರೂ ಬರುವುದಿಲ್ಲ. ಒಳಗೆ ನಮ್ಮ ಅಂಗಡಿಯ ಹೆಸರಿನ ಚೀಟಿ ಹೊಲಿದಾಗ ಇದು ನಾನು ಹೊಲಿದದ್ದರಲ್ಲೆಲ್ಲ ಒಳ್ಳೆಯದು ಅನ್ನಿಸಿತು. ಊರೂರಿಗೆ ಸರಕು ಒಯ್ಯುವ ವ್ಯಾಪಾರಿ ಅದನ್ನೇ ಮೊದಲು ಎತ್ತಿಕೊಂಡ.

ನಿಮ್ಮ ಅಕ್ಷರಕ್ಕೆ ಏನಾಗಿದೆ? ಕವರಿನ ಮೇಲಿನ ವಿಳಾಸವಂತೂ ಕೋಳಿ ಕೆದರಿದ ಹಾಗಿದೆ. ಪೋಸ್ಟ್‌ಮ್ಯಾನ್ ಬೈದುಕೊಂಡು ಕೊಟ್ಟ. ಕನ್ನಡಕ ಬದಲಿಸಿ.

ಇನ್ನೊಂದು ಮಾತು. ಅವರು ತಣ್ಣಗಾಗಿದ್ದಾರೆ, ಆರಾಮಾಗಿದ್ದಾರೆ ಎಂದು ಪ್ರತಿ ಸಲವೂ ಬರೆಯುತ್ತೀರಿ. ನೀವು ಸುಮ್ಮಸುಮ್ಮನೆ ಹೊಗಳುವವರಲ್ಲ. ಒಬ್ಬ ಮನುಷ್ಯ ನಿಜವಾಗಿಯೂ ಬದಲಾಗಿದ್ದರೆ ನಾನು ಇಲ್ಲಿ ಹಿಂದಿನ ಕೋಣೆಯಲ್ಲಿ ಬಚ್ಚಿಟ್ಟುಕೊಂಡು ಎಷ್ಟು ದಿನ ಕೂರಲಿ? ನೀವೂ ಜಾರಿ ಬೀಳುತ್ತಿದ್ದೀರಿ, ನೋಡಿಕೊಳ್ಳಲು ಒಬ್ಬರು ಬೇಕು. ಮುಂದಿನ ತಿಂಗಳು ಒಮ್ಮೆ ಬಂದು ನೋಡಲೇ?

ನಿಮ್ಮ ಸೊಸೆ


ಮಾರ್ಚ್ ೨೬

ಬರಬೇಡ.

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಹೀಗೇ ಇರುತ್ತದೆ. ಬಲಗೈಯ ಎರಡು ಬೆರಳು ಮುರಿದಿವೆ. ಬೀರುವಿನ ಸಂದಿಗೆ ಇಟ್ಟು ಬಾಗಿಲು ಹಾಕಿದ. ಬೀರುವಿನಿಂದ ತೆಗೆದ ಕೈ ಯಾವುದು ಎಂದು ಕೇಳಿದ, ನಾನು ಎರಡನ್ನೂ ಬೆನ್ನ ಹಿಂದೆ ಇಟ್ಟುಕೊಂಡೆ, ಅವನೇ ಒಂದನ್ನು ಎಳೆದುಕೊಂಡ.

ಹಲ್ಲು ಬಚ್ಚಲಲ್ಲಿ ಹೋಗಿದ್ದಲ್ಲ. ಅದು ಅಟ್ಟದ ಎರಡು ಪ್ಯಾಂಟಿನ ಬೆಲೆ. ಹಾಕದಿದ್ದರೂ ಎಣಿಸಿಟ್ಟುಕೊಂಡಿರುತ್ತಾನೆ ನನ್ನ ಮಗ. ಫೋನು ತಾನಾಗಿ ಬಿದ್ದದ್ದಲ್ಲ. ನೀನು ಹೋದ ದಿನವೇ ಗೋಡೆಗೆ ಬಡಿದ, ನನ್ನ ತಲೆಯನ್ನೂ.

ಹೆದರಿದ್ದು ಇಷ್ಟಕ್ಕೇ. ಇದ್ದದ್ದು ಬರೆದರೆ ಅಯ್ಯೋ ಪಾಪ ಎಂದು ಓಡಿ ಬಂದುಬಿಡುತ್ತೀಯ ಎಂದು ಸುಳ್ಳು ಬರೆದೆ. ಈಗ ನೋಡಿದರೆ ಸುಳ್ಳನ್ನು ನಂಬಿ ಬರಲು ಹೊರಟಿದ್ದೀಯ. ಹೋಗಿ ಹೋಗಿ ಇಂಥ ದಡ್ಡಿ ಸೊಸೆಯೇ ನನಗೆ ಸಿಗಬೇಕಿತ್ತೇ.

ನಾನು ಇಲ್ಲಿಂದ ಅಲ್ಲಾಡುವುದಿಲ್ಲ. ಅವನ ಕೈಗೆ ಇಲ್ಲೊಂದು ಕೆಲಸ ಇರುವವರೆಗೆ ಅದು ಬೇರೆ ಊರು ಹುಡುಕಿಕೊಂಡು ಹೋಗುವುದಿಲ್ಲ.

ಅತ್ತೆ


ಏಪ್ರಿಲ್ ೪

ಅತ್ತೆ,

ನಾನು ಒಂದೊಂದು ಬ್ಯಾಗು ಮಾರಿ ಬೀಗುತ್ತಿದ್ದಾಗ ಅಲ್ಲಿ ನಿಮ್ಮ ಹಲ್ಲು ಬೀಳುತ್ತಿತ್ತು. ಇನ್ನೂ ಕಳಿಸಿ, ಇನ್ನೂ ಕಳಿಸಿ ಎಂದು ಬರೆದವಳು ನಾನೇ. ನಿಮ್ಮ ಅಕ್ಷರವನ್ನು ಆಡಿಕೊಂಡೆ. ನನ್ನ ಬಾಯಿಗೆ ಮಣ್ಣು ಹಾಕ.

ನಿಮ್ಮ ಮೇಲೂ ಉರಿಯುವಷ್ಟು ಸಿಟ್ಟು ಬಂದಿದೆ. ಯಾರು ಹೇಳಿದರು ನಿಮಗೆ ಇದನ್ನೆಲ್ಲ ಮಾಡಿ ಎಂದು? ಅಂದು ನಲ್ಲಿ ಬಿಟ್ಟುಕೊಂಡು ನಿಂತವರು ಇವತ್ತು ಬೆರಳು ಕೊಟ್ಟರೆ ನಾನು ಅದನ್ನು ಎಲ್ಲಿಟ್ಟುಕೊಳ್ಳಲಿ? ನಿನ್ನೆ ಇಡೀ ದಿನ ಕತ್ತರಿ ಹಿಡಿಯಲಾಗಲಿಲ್ಲ. ಗಿಡ್ಡಕ್ಕನಿಗೆ ಎಲ್ಲ ಹೇಳಿದೆ. ಅವರು ಅತ್ತರು, ಆಮೇಲೆ ಬೈದರು, "ಆ ಜಡೆ ಎಳೆಯೋಳಿಗೆ ಬುದ್ಧಿ ಇಲ್ಲ, ಎದ್ದು ಬಾ ಅನ್ನು" ಎಂದರು.

ಎದ್ದು ಬನ್ನಿ. ಇಸ್ತ್ರಿಯವಳಿಗೆ ಹೇಳಿದರೆ ಬಸ್ಸು ಹತ್ತಿಸುತ್ತಾಳೆ. ಉಟ್ಟ ಬಟ್ಟೆಯಲ್ಲಿ ಬಂದರೂ ಸಾಕು. ಇನ್ನು ಒಂದೇ ಒಂದು ಪ್ಯಾಂಟನ್ನೂ ಮುಟ್ಟಬೇಡಿ.

ಸೊಸೆ


ಏಪ್ರಿಲ್ ೧೯

ಸೊಸೆಗೆ,

ಓದಿದ ಕೂಡಲೇ ಗಂಟು ಕಟ್ಟು. ನೀನಿರುವ ಜಾಗ ಅವನಿಗೆ ಗೊತ್ತಾಗಿದೆ.

ಆ ಕೆಂಪು ದಾರದ ಬ್ಯಾಗು ತಿರುಗಿ ತಿರುಗಿ ನಮ್ಮೂರಿಗೇ ಬಂದಿತ್ತು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿರುವ ಹೆಂಗಸು ಅದನ್ನು ಹೆಗಲಿಗೆ ಹಾಕಿಕೊಂಡು ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುತ್ತಿದ್ದಳಂತೆ. ಇವನು ತನ್ನ ಮೊಣಕಾಲನ್ನು ನೋಡಿದ. ನೋಡಿದವನೇ ಪಟ್ಟಿ ಹಿಡಿದು ಎಳೆದ. ನಿನ್ನ ಹೊಲಿಗೆ ಬಿಡಲಿಲ್ಲ, ಆ ಹೆಂಗಸು ಪಟ್ಟಿಯ ಜೊತೆಗೇ ರಸ್ತೆಗೆ ಬಿದ್ದಳು. ಕಲ್ಲಿನ ಮೇಲೆ ಎಳೆದೊಯ್ದನಂತೆ, ಮೊಣಕೈಯ ಚರ್ಮ ಕಿತ್ತು ಮೂಳೆ ಕಂಡಿತು ಎಂದು ಇಸ್ತ್ರಿಯವಳು ಹೇಳಿದಳು. ಜನ ಸೇರುವ ಹೊತ್ತಿಗೆ ಇವನು ಬ್ಯಾಗಿನ ಸಮೇತ ಮನೆಯಲ್ಲಿದ್ದ.

ಬ್ಯಾಗನ್ನು ಒಳಹೊರಗು ಮಾಡಿ ಚೀಟಿಯನ್ನು ನನ್ನ ಮುಖಕ್ಕೆ ಹಿಡಿದು "ಓದು" ಎಂದ. ಅಂಗಡಿಯ ಹೆಸರು, ಬೀದಿ, ಊರು ಎಲ್ಲ ಇತ್ತು. "ನಂಗೆ ಕಣ್ ಕಾಣ್ಸಲ್ಲ" ಎಂದೆ. ನನ್ನ ಕೈಯನ್ನು ಒಲೆಯ ಉರಿಯ ಮೇಲೆ ಹಿಡಿದ. "ಈಗ ಕಾಣ್ಸುತ್ತಾ?" ಎಂದ. ಓದಿದೆ. ಚರ್ಮ ಸುಟ್ಟ ವಾಸನೆ ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಆಮೇಲೆ ಅವನು ಕುರ್ಚಿಯಲ್ಲಿ ಕೂತು ಶೂ ಹಾಕಿಕೊಳ್ಳತೊಡಗಿದ. ಬಸ್ ಸ್ಟ್ಯಾಂಡಿಗೆ ಹೊರಟಿದ್ದ. ತರಕಾರಿ ಹೆಚ್ಚುವ ಚಾಕುವನ್ನೂ ಕಾಗದದಲ್ಲಿ ಸುತ್ತಿ ಪಕ್ಕದಲ್ಲಿಟ್ಟುಕೊಂಡಿದ್ದ. ಬೇಯಿಸಿಕೊಂಡ ಕೈಗೆ ನೀರು ಬಿಡುತ್ತಿದ್ದೆ. ನಲ್ಲಿ ನಿಲ್ಲಿಸಿದೆ. ಕಬ್ಬಿಣದ ಬಾಣಲೆಯನ್ನು ಎಡಗೈಯಲ್ಲಿ ಎತ್ತಿದೆ. ತಲೆಗೇ ಹೊಡೆಯಬೇಕೆಂದು ಎತ್ತಿದ್ದು. ಮಗನ ತಲೆ, ನಡುವೆ ಎರಡು ಸುಳಿ, ಎಣ್ಣೆ ಹಚ್ಚಿ ಬೆಳೆಸಿದ್ದು. ಕೈ ತಾನಾಗಿ ಕೆಳಗಿಳಿದು ಮೊಣಕಾಲಿಗೆ ಬಿತ್ತು. ಒಣಸೌದೆ ಮುರಿದ ಹಾಗೆ ಕೇಳಿಸಿತು. ಅವನು ಉರುಳಿದ ಮೇಲೆ ಇನ್ನೊಂದು ಹೊಡೆದೆ. ಅದು ಏಕೆ ಎಂದು ನನ್ನನ್ನು ಕೇಳಬೇಡ, ಸಮಾಧಾನವಾಯಿತು.

ಮೂರನೇ ಮಹಡಿಯಿಂದ ನಾಲ್ಕು ಜನ ಹೊತ್ತು ಇಳಿಸಿದರು. ಡಾಕ್ಟರಿಗೆ "ಸ್ಕೂಟರ್ ಮೇಲೆ ಬಿತ್ತು" ಎಂದ. ಅಮ್ಮ ಹೊಡೆದಳು ಎನ್ನಲು ನಾಚಿಕೆ. ಬ್ಯಾಂಕಿನವಳು ದೂರು ಕೊಟ್ಟಳಂತೆ, ಪೊಲೀಸರು ಬಂದು ಕಾಲಿನ ಪ್ಲಾಸ್ಟರ್ ನೋಡಿ "ವಾಸಿಯಾದ್ಮೇಲೆ ಸ್ಟೇಷನ್ನಿಗೆ ಬಾ" ಎಂದು ಹೇಳಿ ಹೋದರು. ಈಗ ಮಂಚದ ಮೇಲಿದ್ದಾನೆ. ನಾನೇ ಉಣಿಸುತ್ತೇನೆ, ನಾನೇ ತೊಳೆಯುತ್ತೇನೆ. ನಿನ್ನೆ ತುತ್ತು ನುಂಗಿ, ಬಾಯಿ ಒರೆಸಿಕೊಂಡು, ಹವಾಮಾನ ಹೇಳುವವನ ಹಾಗೆ ಹೇಳಿದ: "ಕಾಲು ಸರಿಹೋಗ್ಲಿ. ಮೊದಲು ಅವಳು. ಆಮೇಲೆ ನೀನು."

ಊರು ಬಿಡು. ಎಲ್ಲಿಗೆ ಹೋದೆ ಎಂದು ನನಗೂ ತಿಳಿಸಬೇಡ.

ಅತ್ತೆ


ಏಪ್ರಿಲ್ ೨೮

ಅತ್ತೆ,

ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆ, ಗಿಡ್ಡಕ್ಕನೂ ಜೊತೆಗಿದ್ದರು. ಕೂತಿದ್ದವನು ಎಲ್ಲ ಕೇಳಿಕೊಂಡು "ಮೊಣಕಾಲು ಮುರಿದೋನು ಇಲ್ಲಿಗ್ಯಾಕಮ್ಮ ಬರ್ತಾನೆ? ಬಂದಾಗ ಹೇಳಿ" ಎಂದ. ಬಂದಾಗ ಹೇಳಲು ನಾಲಗೆ ಇರಬೇಕಲ್ಲ.

ನಾನು ಊರು ಬಿಡುವುದಿಲ್ಲ. ಹಟವಲ್ಲ ಇದು. ಹೋಗಲು ಎಲ್ಲಿದೆ? ತವರಿನವರು ಬಾಗಿಲು ಹಾಕಿ ಆಯಿತು. ನನ್ನ ಯಂತ್ರ ಇಲ್ಲಿದೆ, ನನ್ನ ಕೈ ಕೆಲಸವನ್ನು ಗುರುತಿಸುವವರು ಇಲ್ಲಿದ್ದಾರೆ. ಅವನು ಬರಲಿ. ಬ್ಯಾಗಿನ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಸಾಣೆ ಹಿಡಿಸಿ ತಂದಿದ್ದೇನೆ. ಮೂರು ಪದರ ಜೀನ್ಸನ್ನು ಒಂದೇ ಏಟಿಗೆ ಕತ್ತರಿಸುತ್ತದೆ. ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತೇನೆ. ಬಾಗಿಲಿಗೆ ಬಂದರೆ ಮಾತಾಡಲು ಬಿಡುವುದಿಲ್ಲ, ಹೊಟ್ಟೆಗೆ ಹಾಕುತ್ತೇನೆ. ಆಮೇಲೆ ಗಲ್ಲಿಗಾದರೂ ಹಾಕಲಿ, ಜೈಲಿನಲ್ಲಾದರೂ ಕೊಳೆಸಲಿ. ಅವನನ್ನು ಹೆತ್ತವರಿಗೇ ಬರೆಯುತ್ತಿದ್ದೇನೆ ಎಂದು ಗೊತ್ತಿದೆ. ಬೇರೆ ಯಾರಿಗೆ ಬರೆಯಲಿ?

ಪ್ಲಾಸ್ಟರ್ ಬಿಚ್ಚುವುದರೊಳಗೆ ನೀವು ಬಂದುಬಿಡಿ.

ಸೊಸೆ


ಜೂನ್ ೩

ಅತ್ತೆ,

ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ಪ್ಲಾಸ್ಟರ್ ಬಿಚ್ಚಿರಬೇಕು. ಬೀದಿಯಲ್ಲಿ ಯಾರಾದರೂ ಕುಂಟುತ್ತ ಬಂದರೆ ಕತ್ತರಿ ಹಿಡಿದು ಏಳುತ್ತೇನೆ. ನಿನ್ನೆ ಪಾಪ, ಗುಂಡಿ ಮಾರುವ ಮುದುಕನನ್ನು ಹೆದರಿಸಿದೆ. ಬದುಕಿದ್ದೀರಿ ಎಂದು ಒಂದು ಸಾಲು ಬರೆಯಿರಿ. ಇಸ್ತ್ರಿಯವಳಾದರೂ ಬರೆಯಲಿ.

ಸೊಸೆ


ಜೂನ್ ೨೦

ಸೊಸೆಗೆ,

ಬದುಕಿದ್ದೇನೆ. ಜೈಲಿನಿಂದ ಬರೆಯುತ್ತಿದ್ದೇನೆ. ನಿನ್ನ ಕಾಗದವನ್ನು ಇಸ್ತ್ರಿಯವಳು ಇಲ್ಲಿಗೇ ತಂದುಕೊಟ್ಟಳು. ಇಲ್ಲಿ ಕಾಗದ ಓದಿಯೇ ಕಳಿಸುತ್ತಾರೆ, ಓದಲಿ, ಮುಚ್ಚುಮರೆ ಇಲ್ಲ.

ಕತ್ತರಿಯನ್ನು ದಿಂಬಿನ ಕೆಳಗಿನಿಂದ ತೆಗೆ. ಅವನು ಬರುವುದಿಲ್ಲ. ಹೋದ.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಾಲ್ಕು ದಿನ ಕೋಲು ಹಿಡಿದು ಮನೆಯಲ್ಲೇ ಓಡಾಡಿದ. ಐದನೇ ದಿನ ಬೆಳಿಗ್ಗೆ ಕ್ಷೌರ ಮಾಡಿಕೊಂಡ, ಒಳ್ಳೆ ಶರ್ಟು ಹಾಕಿಕೊಂಡ, ತಿಂಡಿ ಕೇಳಿ ಹಾಕಿಸಿಕೊಂಡು ತಿಂದ. ಚಾಕು ಸೊಂಟದಲ್ಲಿತ್ತು. "ಎಲ್ಲಿಗೆ?" ಎಂದೆ. "ಗೊತ್ತಲ್ಲ" ಎಂದ. ಕಾಲು ಹಿಡಿದೆ ಕಣೇ. ಹೆತ್ತವಳು ಮಗನ ಕಾಲು ಹಿಡಿದೆ. "ಅವಳನ್ನ ಬಿಟ್ಬಿಡೋ, ನನ್ನ ಕೊಲ್ಲು, ಇಲ್ಲೇ ಕೊಲ್ಲು" ಎಂದೆ. "ನಿಂದೂ ಇದೆ, ಬಂದ್ಮೇಲೆ" ಎಂದು ಸರಿಯಾಗಿದ್ದ ಕಾಲಿನಿಂದ ಪಕ್ಕಕ್ಕೆ ಸರಿಸಿದ.

ನಿನ್ನ ಕಾಗದ ನನ್ನ ತಲೆಯಲ್ಲೇ ಇತ್ತು. ಅವನು ಅಲ್ಲಿಗೆ ಬಂದರೆ ನೀನು ಸಾಯುತ್ತೀಯ, ಇಲ್ಲ ಅವನನ್ನು ಕೊಂದು ಒಳಗೆ ಹೋಗುತ್ತೀಯ. ಹೇಗೂ ಒಬ್ಬರು ಒಳಗೆ ಹೋಗಬೇಕು ಎಂದಾದರೆ ನಿನಗೇಕೆ. ನಿನಗಿನ್ನೂ ಬಾಳು ಮುಂದಿದೆ. ನನ್ನದು ಉಂಡ ಎಲೆ.

ಅವನು ಮೆಟ್ಟಿಲ ತುದಿಯಲ್ಲಿ ನಿಂತು ಕೋಲನ್ನು ಕೆಳಗಿನ ಮೆಟ್ಟಿಲಿಗೆ ಇಡುತ್ತಿದ್ದ. ಬೆನ್ನಿಗೆ ಎರಡು ಕೈ ಇಟ್ಟು ತಳ್ಳಿದೆ. ಮಹಡಿಯ ತಿರುವಿನಲ್ಲಿ ತಲೆ ಗೋಡೆಗೆ ಬಿತ್ತು. ಕುತ್ತಿಗೆ ಒಂದು ಕಡೆಗೆ ತಿರುಗಿಹೋಗಿತ್ತು. ರಕ್ತ ಅಷ್ಟೇನೂ ಬರಲಿಲ್ಲ. ಬಾಗಿಲು ತೆರೆದು ಬಂದವರೆಲ್ಲ "ಪಾಪ, ಕಾಲು ಜಾರ್ತಾ?" ಎಂದರು. ಅಲ್ಲಿಗೇ ಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ನನ್ನ ಮಗ ಜಾರಿ ಬಿದ್ದು ಸತ್ತ ಎಂದು ಜನ ಕನಿಕರ ಪಡುವುದನ್ನು ಕೇಳುತ್ತ ನಾನು ಆ ಮನೆಯಲ್ಲಿ ಬದುಕಲಾರೆ ಅನ್ನಿಸಿತು. "ಜಾರಲಿಲ್ಲ, ನಾನು ತಳ್ಳಿದೆ" ಎಂದೆ. ದುಃಖಕ್ಕೆ ತಲೆಕೆಟ್ಟಿದೆ ಎಂದರು. ಸ್ಟೇಷನ್ನಿಗೆ ನಾನೇ ನಡೆದು ಹೋಗಿ ಹೇಳಿದೆ.

ಇಲ್ಲಿ ಹೊಲಿಗೆ ಕೆಲಸ ಇದೆ. ಕತ್ತರಿ ಮಾತ್ರ ಕೊಡುವುದಿಲ್ಲ, ಬಟ್ಟೆ ಕತ್ತರಿಸಿಯೇ ಬರುತ್ತದೆ. ನನ್ನ ಕೈಗೆ ಸೂಜಿ ನಿಲ್ಲುವುದಿಲ್ಲ, ಆದ್ದರಿಂದ ದಾರ ಕತ್ತರಿಸುವ ಕೆಲಸ, ಅದೂ ಇರುವ ಹಲ್ಲಿನಲ್ಲಿ. ನನ್ನನ್ನು ನೋಡಲು ಬರಬೇಕೆಂದು ಅನ್ನಿಸಿದರೆ ಬಾ, ಅನ್ನಿಸದಿದ್ದರೆ ಬೇಡ. ಮೊಹರಿನಲ್ಲಿ ಊರು ಇದೆ.

ಒಂದು ವಿಷಯ ಪೊಲೀಸರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಬೀಳುವಾಗ ಅವನು "ಅಮ್ಮಾ" ಎಂದ. ಚಿಕ್ಕವನಿದ್ದಾಗ ಎಡವಿದರೆ ಅನ್ನುತ್ತಿದ್ದ, ಅದೇ ದನಿ. ನಾನು ಹಿಡಿದುಕೊಳ್ಳಲು ಕೈ ಚಾಚಿದೆ. ತಳ್ಳಿದವಳೂ ನಾನೇ, ಚಾಚಿದವಳೂ ನಾನೇ, ನಡುವೆ ಒಂದು ಉಸಿರಿನಷ್ಟೂ ಹೊತ್ತಾಗಿರಲಿಲ್ಲ. ಶರ್ಟಿನ ತುದಿ ಬೆರಳಿಗೆ ತಗುಲಿತು, ನಿಲ್ಲಲಿಲ್ಲ. ನಿಂತಿದ್ದರೆ ಎಳೆದುಕೊಂಡುಬಿಡುತ್ತಿದ್ದೆ, ನೀನು ಸಾಯುತ್ತೀಯ ಎಂದು ಗೊತ್ತಿದ್ದೂ ಎಳೆದುಕೊಳ್ಳುತ್ತಿದ್ದೆ. ಇದನ್ನು ತಿಳಿದ ಮೇಲೂ ಬರುವುದಾದರೆ ಬಾ.

ನಿನ್ನ ಅತ್ತೆ